ಕೂಗಿಗೆ ಸಿಕ್ಕುವ ಮನೆ

ಹಳ್ಳಕ್ಕೆ ಭರತಿ ಏರಿದ ದಿನ ನನ್ನ ಶಾಲೆ ದೂರ. ಇಳಿದ ದಿನ ಹತ್ತಿರ. ಸಮುದ್ರದ ನೀರು ಹಳ್ಳದೊಳಗೆ ನುಗ್ಗಿ ತೆಂಗಿನ ಕಾಂಡದ ಸಂಕವನ್ನು ಮುಳುಗಿಸಿತೆಂದರೆ, ಆಚೆ ದಂಡೆಯಲ್ಲಿ ಕಣ್ಣೆದುರೇ ನಿಂತ ಶಾಲೆಗೆ ನಾನು ಉಪ್ಪುನೀರು ನಿಲ್ಲುವ ಗಜನಿ ಗದ್ದೆಗಳ ಬದುವಿನ ಮೇಲೆ ಸುತ್ತಿ ಬಳಸಿ ಹೋಗಬೇಕು. ಹೋಗಿ ಮುಟ್ಟುವಷ್ಟರಲ್ಲಿ ಸೀರೆಯ ಅಂಚು ಕೆಸರಾಗಿರುತ್ತಿತ್ತು, ಪ್ರಾರ್ಥನೆ ಮುಗಿದಿರುತ್ತಿತ್ತು, ಶಾಲೆಯ ಪಂಚರ ಮುಖ್ಯಸ್ಥ ಹಮ್ಮಣ್ಣನವರು ಜಗಲಿಯ ಮೇಲೆ ಕವಳ ಜಗಿಯುತ್ತ ಕೂತಿರುತ್ತಿದ್ದರು.

"ಅಕ್ಕೋರಿಗೆ ಇವತ್ತೂ ಭರತಿ?" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ. ಸಿಟ್ಟಾಗುವಷ್ಟು ಕಸುವು ಆಗ ಯಾರಲ್ಲಿಯೂ ಇರಲಿಲ್ಲ. ಕರ ಕೊಡಬಾರದೆಂಬ ಚಳವಳಿ ತಣ್ಣಗಾಗಿ, ಜೇಲಿಗೆ ಹೋದವರು ಒಬ್ಬೊಬ್ಬರಾಗಿ ಮರಳಿ ಬಂದ ವರ್ಷ ಅದು. ಅಂಕೋಲೆ ಸೀಮೆಗೆ ಸೀಮೆಯೇ ಜ್ವರ ಬಿಟ್ಟವರ ಹಾಗೆ ಗೋಡೆಗೆ ಒರಗಿ ಕೂತಿತ್ತು. ಹಮ್ಮಣ್ಣನವರೂ ಜೇಲಿಗೆ ಹೋಗಿ ಬಂದವರೇ.

ನಾನು ಕಾರವಾರದ ಬೈತಖೋಲದವಳು. ಸಮುದ್ರಕ್ಕೆ ಹೋಗಿ ಬದುಕುವ ಮನೆ. ಮುಲ್ಕಿ ಪರೀಕ್ಷೆ ಪಾಸಾದ ಮೇಲೆ, ಭಾವಿಕೇರಿ ದಾಟಿ ಕಡಲಿನ ಕಡೆಗೆ ಇಳಿದರೆ ಸಿಗುವ ಒಂದು ಊರಿನ ಹೆಣ್ಣುಮಕ್ಕಳ ಶಾಲೆಗೆ ನೇಮಕವಾಯಿತು. ಊರಿನ ಹೆಸರು ಬೇಡ. ನನ್ನ ಹತ್ತಿರ ಕಲಿತ ಹುಡುಗಿಯರು ಅಲ್ಲಿಯೇ ಇದ್ದಾರೆ. ಲಗ್ನವಾಗದ ಶಿಕ್ಷಕಿಯ ಜೊತೆಗೆ ಮನೆಯ ಹಿರಿಯರೊಬ್ಬರು ಇರಬೇಕೆಂದು ಕರಾರು. ಅಪ್ಪ ಸಮುದ್ರಕ್ಕೆ ಹೋಗಿ ಹಿಂದೆ ಬರಲಿಲ್ಲ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಉಳಿದವಳು ಅಪ್ಪನ ತಾಯಿ ದುರ್ಗಿ ಅಜ್ಜಿ. ಒಂದು ಗಂಟು ಬಟ್ಟೆ, ಒಂದು ಮಡಕೆ ಒಣಸಿಗಡಿ ಹಿಡಿದುಕೊಂಡು ಅವಳು ಮೊದಲ ಬಾರಿ ಸರ್ವಿಸ್ ಮೋಟಾರು ಹತ್ತಿದಳು. ಬಿಣಗಾ ಘಟ್ಟದಲ್ಲಿ ವಾಂತಿ ಮಾಡಿಕೊಂಡಳು, ತೋಡೂರಿನಲ್ಲಿ ಇಳಿಸಿಬಿಡು ಎಂದು ಅತ್ತಳು, ಅಂಕೋಲೆ ಬಂದಾಗ "ಇಷ್ಟೇನಾ? ದೋಣಿ ಮೇಲೆ ಬಂದಿದ್ರೆ ಒಂದು ನಿದ್ದೆ ಆಗ್ತಿತ್ತು" ಎಂದಳು.

ಶಾಲೆಯ ಹತ್ತಿರ ಬಿಡಾರ ಕೇಳಿದೆ. ಹಮ್ಮಣ್ಣನವರು ತಲೆ ತಗ್ಗಿಸಿದರು.

"ನಾ ಎಂತ ಮಾಡೂದು ಅಕ್ಕೋರೆ. ಜೇಲಲ್ಲಿ ಎಲ್ಲಾ ಜಾತಿಯವ್ರ ಮಗ್ಗುಲಲ್ಲಿ ಮಲ್ಗಿ ಎದ್ದವ ನಾನು. ಒಂದೇ ತಾಟಲ್ಲಿ ಉಂಡಿದ್ದೇನೆ. ಆದ್ರೆ ಮನೇಲಿ ನನ್ನ ಮಾತು ನಡೂದಿಲ್ಲ. ಇಲ್ಲಿ ಇರೂದು ಒಂದೇ ಬಾವಿ. ಹೆಂಗಸ್ರು ಒಪ್ಪೂದಿಲ್ಲ."

ಹೀಗಾಗಿ ಹಳ್ಳದ ಈಚೆಗೆ, ಕಡಲಕೇರಿಯಲ್ಲಿ ಪುಂಡಲೀಕನ ಮನೆಯ ಅರ್ಧ ಸಿಕ್ಕಿತು. ಪುಂಡಲೀಕ ಆ ಕೇರಿಯ ಹಿರಿಯ. ಬಲೆಯ ಪಾಲು, ಜಗಳ, ನಂಟಸ್ತಿಕೆ ಎಲ್ಲ ಅವನ ಮಾತಿನ ಮೇಲೆ ನಡೆಯುತ್ತಿತ್ತು. ಕೇರಿಯ ಹುಡುಗಿಯರು ನನ್ನ ಹಿಂದೆಯೇ ಸಾಲುಗಟ್ಟಿ ಬಂದು ಶಾಲೆಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಹೋಳಿ ಮುಗಿದ ಮೇಲೆ ಕಾರವಾರದಿಂದ ಹುಕುಂ ಬಂತು. ಶಾಲೆ ತಡವಾಗಿ ತೆರೆಯುತ್ತದೆಂದು ಊರಿನ ಕೆಲವರು ಅರ್ಜಿ ಹಾಕಿದ್ದರು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ನನಗೆ ಬರುವ ತುಂಡು ಇಂಗ್ಲಿಷಿನಿಂದ ಮೂರು ಸಾಲು ಬಿಡಿಸಿದೆ. ನಾಲ್ಕನೆಯದರಲ್ಲಿ ಒಂದು ಶಬ್ದ ಅಡ್ಡ ಮಲಗಿತ್ತು. ಶಿಕ್ಷಕಿಯು ಶಾಲೆಯ 'ಪ್ರೊಪಿಂಕ್ವಿಟಿ'ಯಲ್ಲಿ ವಾಸಿಸತಕ್ಕದ್ದು. ಇಲ್ಲವೆಂದು ಕಂಡುಬಂದರೆ ಜಾಗ ಬೇರೆಯವರಿಗೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕಾರವಾರಕ್ಕೆ ಹೋದೆ. ನಮ್ಮ ಕೇರಿಯವನೇ ಆದ ತುಳಸಿದಾಸ ಒಬ್ಬ ವಕೀಲರ ಹತ್ತಿರ ಕಾರಕೂನ. ವಾವೆಯಲ್ಲಿ ನನಗೆ ಅಣ್ಣ. ಕಾಗದ ನೋಡಿ ನಕ್ಕ, ಆಮೇಲೆ ವಕೀಲರ ದೊಡ್ಡ ಶಬ್ದಕೋಶ ಇಳಿಸಿ ಧೂಳು ಊದಿದ.

"ಸಾಮೀಪ್ಯ," ಎಂದ. "ಹತ್ರ ಇರೂದು. ಜಾಗದ ಹತ್ರ. ಸಂಬಂಧದ ಹತ್ರಕ್ಕೂ ಹೇಳ್ತ್ರಂತೆ, ಅದು ವಾರಸಾ ತಕರಾರಿನವ್ರಿಗೆ. ನಿಂಗೆ ಜಾಗದ್ದೇ."

"ಎಷ್ಟು ಹತ್ರ? ಎಷ್ಟು ಗಜ?"

"ಅದೇ ಇಲ್ಲ ಇದ್ರಲ್ಲಿ."

"ಹಂಗಾದ್ರೆ ನಿಯರ್ ಅಂತ ಬರೂಕೆ ಏನಾಗಿತ್ತು ಅವ್ರಿಗೆ? ಅದು ನಂಗೂ ಬರ್ತಿತ್ತು."

ತುಳಸಿದಾಸ ಪುಸ್ತಕ ಮುಚ್ಚಿದ. ಅವನ ಬೆರಳುಗಳು ಶಾಯಿಯಿಂದ ನೀಲಿಯಾಗಿದ್ದವು, ಕಣ್ಣ ಕೆಳಗೂ ಸ್ವಲ್ಪ ನೀಲಿಯಿತ್ತು. "ನಿಯರ್ ಅಂದ್ರೆ ಎಲ್ಲರಿಗೂ ತಿಳೀತದೆ ತಂಗಿ. ತಿಳಿದ್ರೆ ಜನ ತಿರುಗಿ ಕೇಳ್ತ್ರು, ಅಳ್ದು ತೋರಿಸ್ತ್ರು. ಇಂಥಾ ಶಬ್ದ ಹಾಕಿದ್ರೆ ಬಾಯಿ ಮುಚ್ಕೊಂಡು ಹೋಗ್ತ್ರು. ಕೋರ್ಟಲ್ಲಿ ಹಗಲೆಲ್ಲ ನೋಡ್ತೆ ನಾನು. ಮನುಷ್ಯರು ಮಾತಾಡೂಕೆ ಇರೂ ಶಬ್ದ ಅಲ್ಲ ಇದು."

"ಹಾಂಗಾದ್ರೆ ಯಾರು ಹೇಳೂದು, ನಾ ಹತ್ರ ಇದ್ದೆನೋ ಇಲ್ವೋ ಅಂತ?"

"ಶಾಲೆ ತಪಾಸಣೆಗೆ ಡೆಪ್ಯುಟಿ ಸಾಹೇಬ್ರು ಬರ್ತ್ರು. ಅವ್ರ ಕಣ್ಣಿಗೆ ಹ್ಯಾಂಗೆ ಕಾಣ್ತದೋ ಹಾಂಗೆ. ಭರತಿ ಇಲ್ದಾಗ ಬರ್ಲಿ ಅಂತ ಹರಕೆ ಹೊತ್ಕೊ."

ಮರಳಿ ಬರುವಾಗ ಮೋಟಾರಿನ ಕಿಟಕಿಗೆ ತಲೆ ಆನಿಸಿ ಆ ಶಬ್ದವನ್ನು ನಾಲಿಗೆಯ ಮೇಲೆ ಹೊರಳಿಸಿದೆ. ತೆರೆ ಹಿಂದೆ ಸರಿಯುವಾಗ ಸಣ್ಣ ಕಲ್ಲುಗಳು ಉರುಳುವ ಸಪ್ಪಳವಿತ್ತು ಅದಕ್ಕೆ. ಚೆಂದದ ಶಬ್ದ. ಅದರ ಒಳಗೆ ಬಾವಿಯಿಲ್ಲದ, ಹಳ್ಳವಿಲ್ಲದ ಒಂದು ಊರಿದೆ, ಅಲ್ಲಿ ಎಲ್ಲರ ಮನೆಗೂ ಎಲ್ಲರ ಮನೆ ಕಾಣುತ್ತದೆ ಅನ್ನಿಸಿತು. ಆಮೇಲೆ ನಿದ್ದೆ ಬಂತು. ಎದ್ದಾಗ ಕುತ್ತಿಗೆ ಹಿಡಿದಿತ್ತು.

ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳು ಆ ಶಬ್ದವನ್ನು ಎರಡು ಸಲ ನುಂಗಿ ಉಗುಳಿದಳು. "ಪರಪಂಕಟಿಯೋ ಎಂತೋ. ಹತ್ರ ಅಂದ್ರೆ ಕೂಗಿದ್ರೆ ಓ ಅಂಬಷ್ಟು. ಅದಕ್ಕೆ ಪುಸ್ತಕ ಎಂತಕೆ?"

"ಸಾಹೇಬ್ರು ಕಾಲಲ್ಲಿ ಅಳೀತ್ರು ಅಜ್ಜಿ, ಕಿವೀಲಿ ಅಲ್ಲ."

"ಏಡಿ ಹಾಂಗೆ ಆಯ್ತು ಹಾಂಗಾದ್ರೆ," ಎಂದು ಕಾಲು ನೀಡಿ ಕೂತಳು. ಕಾಲು ನೀಡಿದಳೆಂದರೆ ಕತೆಯೆಂದು ಅರ್ಥ. "ಏಡಿಗೆ ಚಂದ್ರನ ಹತ್ರ ಮನೆ ಕಟ್ಟೂ ಆಸೆ ಆಯ್ತಂತೆ. ಚಂದ್ರ, ಬಾ, ಇಲ್ಲೇ ಇದ್ದೆ, ನೆಟ್ಟಗೆ ಬಾ ಅಂದ. ಏಡಿ ಹೊರಟಿತು. ಅಡ್ಡ ಅಡ್ಡ ನಡೀತು. ಬೆಳಗಾಗೂವರೆಗೂ ನಡೀತು. ಚಂದ್ರ ಮುಳುಗಿದ. ಏಡಿ ಹೇಳ್ತಂತೆ, ನಾ ಎಷ್ಟು ನಡೆದೆ ನೋಡು, ಅವ್ನೇ ದೂರ ಹೋದ ಅಂತ."

ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿದಳು.

"ಸಾಹೇಬ ಯಾವಾಗ ಬರ್ತಾ?"

"ಬರೂ ಬುಧವಾರ."

"ಬುಧವಾರ ಮಧ್ಯಾಹ್ನಕ್ಕೆ ಭರತಿ ತುಂಬ್ತದಲ್ಲೆ," ಎಂದಳು. ಪಂಚಾಂಗ ನೋಡಬೇಕಾಗಿರಲಿಲ್ಲ ಅವಳಿಗೆ. ಕಾಲು ಮಡಚಿಕೊಂಡು, "ಗಾಳಿ ಆಗ ಕಡಲಿಂದ ಬೀಸೂದು," ಎಂದಳು. ನಾನು ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಸೋಮವಾರದ ಪಾಠದ ಮೇಲೆಯೇ ನಿದ್ದೆಹೋದೆ.

ಬುಧವಾರ ಡೆಪ್ಯುಟಿ ಸಾಹೇಬರು ಬಂದರು. ಧಾರವಾಡದ ಕಡೆಯವರು. ಉದ್ದ ಕೋಟು, ರುಮಾಲು, ಬೆವರಿಗೆ ಒದ್ದೆಯಾದ ಕಾಲರು. ಆ ವಾರ ಎಷ್ಟು ಶಾಲೆ ನೋಡಿದ್ದರೋ, ನನ್ನ ಶಾಲೆ ಅವರ ಕಣ್ಣಿಗೆ ಬೀಳುವ ಮೊದಲೇ ಕಣ್ಣು ದಣಿದಿದ್ದವು. ಹುಡುಗಿಯರ ಕೈಯಿಂದ ಪದ್ಯ ಹೇಳಿಸಿದರು, ಲೆಕ್ಕ ಹಾಕಿಸಿದರು. ಹಿಂದಿನ ಸಾಲಿನ ಮಂಜಿ ನಕಾಶೆಯಲ್ಲಿ ಕಾಳಿ ನದಿಯನ್ನು ಸರಿಯಾಗಿ ತೋರಿಸಿದಳು. ನನ್ನ ಎದೆ ಸ್ವಲ್ಪ ಹಗುರಾಯಿತು.

ಆಮೇಲೆ ಸಾಹೇಬರು ಹುಕುಮಿನ ಪ್ರತಿ ತೆಗೆದರು. "ಇವರ ಬಿಡಾರ ಎಲ್ಲಿ ಆಗ್ತದರೀ?"

"ಅದೇ ಅಲ್ಲಿ," ಎಂದು ನಾನು ಕಿಟಕಿಯಿಂದ ತೋರಿಸಿದೆ. ಹಳ್ಳದಾಚೆ ತೆಂಗಿನ ಸಾಲು, ಅದರ ಕೆಳಗೆ ಪುಂಡಲೀಕನ ಮನೆಯ ಮಾಡು.

"ಕಾಣೂಕೆ ಅಲ್ಲೇ," ಎಂದರು ಹಮ್ಮಣ್ಣನವರು. ದನಿಯಲ್ಲಿ ಹಟವಿರಲಿಲ್ಲ, ಒಪ್ಪಿಕೊಂಡ ಕೆಲಸ ಮುಗಿಸುವ ಬೇಸರವಿತ್ತು. "ಆದ್ರೆ ಸಂಕ ಮುಳುಗಿದೆ ನೋಡಿ ಸಾಹೇಬ್ರೆ. ಗಜನಿ ಸುತ್ತಿ ಬರೂದಂದ್ರೆ ದೂರವೇ. ಊರವ್ರು ಸುಳ್ಳು ಬರ್ದಿಲ್ಲ. ಬೇಕಾದ್ರೆ ನಡ್ದು ನೋಡುವಾ."

ಸಾಹೇಬರು ಕೆಸರು ಬದುವನ್ನೂ ತಮ್ಮ ಬೂಟುಗಳನ್ನೂ ನೋಡಿದರು. "ಅಂಕೋಲಿಗೆ ಮೋಟಾರು ಎಷ್ಟಕ್ಕ?" ಎಂದು ಕೇಳಿದರು. ನಡೆಯುವುದಿಲ್ಲ, ದೂರವೆಂದು ಬರೆದು ಎದ್ದುಬಿಡುತ್ತಾರೆಂದು ನನಗೆ ಅರ್ಥವಾಯಿತು. ಚಿಕ್ಕವರು ಹೊರಗೆ ಮಗ್ಗಿ ಒದರುತ್ತಿದ್ದರು. ಸಾಹೇಬರು ಲೇಖನಿಯ ಮುಚ್ಚಳ ತಿರುವಿದರು.

ಆಗ ಆ ಕೂಗು ಬಂತು.

ಕಡಲ ದಡದಲ್ಲಿ ಹುಟ್ಟಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಉಸಿರು ಮುರಿಯದೆ ಮೂರು ಸಲ, ಒಂದಕ್ಕಿಂತ ಒಂದು ಮೇಲೆ. ದೋಣಿ ಮಗುಚಿದೆ ಎಂದು ಅದರ ಅರ್ಥ. ಬೇರೆ ಯಾವ ಅರ್ಥವೂ ಇಲ್ಲ. ಅದು ಕಿವಿಗೆ ಬಿದ್ದರೆ ಉಣ್ಣುವವನು ತಾಟು ಬಿಡಬೇಕು, ಜಗಳವಾಡುವವನು ಜುಟ್ಟು ಬಿಡಬೇಕು. ನನ್ನ ಅಪ್ಪ ಹೋದ ದಿನ ಬೈತಖೋಲದಲ್ಲಿ ಅದನ್ನು ಕೂಗಿದವಳು ಅಜ್ಜಿ.

ಹಿಂದಿನ ಸಾಲು ಮೊದಲು ಎದ್ದಿತು. ಮಂಜಿ ಪಾಟಿ ಬಿಸಾಡಿ ಕಿಟಕಿಯಿಂದಲೇ ಹಾರಿದಳು. ಅವಳ ಅಪ್ಪ, ಅಣ್ಣ ಇಬ್ಬರೂ ನೀರಿನ ಮೇಲಿದ್ದರು. ನಾನು ಸಾಹೇಬರನ್ನು ಮರೆತೆ. ಹುಕುಮನ್ನು ಮರೆತೆ. ಸುತ್ತಿ ಹೋಗುವ ದಾರಿಯೆಂಬುದು ಯಾರ ತಲೆಯಲ್ಲಿಯೂ ಇರಲಿಲ್ಲ. ಎಲ್ಲರೂ ನೆಟ್ಟಗೆ ಹಳ್ಳಕ್ಕೆ ಇಳಿದೆವು. ನೀರು ಎದೆಯವರೆಗೆ ಬಂತು. ದೊಡ್ಡ ಹುಡುಗಿಯರು ಚಿಕ್ಕವರನ್ನು ಹೆಗಲಿಗೇರಿಸಿದರು. ನನ್ನ ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತ ನೀರು ಸೀಳುತ್ತಿದ್ದರು. ಹಮ್ಮಣ್ಣನವರು. ಧೋತರ ಎತ್ತಿ ಸೊಂಟಕ್ಕೆ ಸುತ್ತಿಕೊಂಡಿದ್ದರು.

ದಡದ ಮೇಲೆ ಅಜ್ಜಿ ನಿಂತಿದ್ದಳು. ಹಿಂದೆ ಸಮುದ್ರ ಖಾಲಿ ಬಿಸಿಲಿನಲ್ಲಿ ಮಲಗಿತ್ತು. ದೂರದಲ್ಲಿ ದೋಣಿಗಳು ಹುಟ್ಟು ಹಾಕಿ ಹುಚ್ಚಾಗಿ ಈ ಕಡೆಗೆ ತಿರುಗಿದ್ದವು.

"ಯಾರೇ? ಯಾರ ದೋಣಿ?" ಎಂದು ಹೆಂಗಸರು ಅವಳ ತೋಳು ಹಿಡಿದು ಅಲ್ಲಾಡಿಸಿದರು.

"ಯಾರದ್ದೂ ಅಲ್ಲ," ಎಂದಳು ಅಜ್ಜಿ. ನನ್ನನ್ನು ಹುಡುಕಿ ನೋಡಿದಳು. "ಕೇಳಿತಲ್ಲೆ ವೈಜೂ? ಸಾಹೇಬಂಗೂ ಕೇಳಿತನಾ?"

ಮಂಜಿ ನೆಲಕ್ಕೆ ಕುಸಿದು ಅಳತೊಡಗಿದಳು. ಆಮೇಲೆ ಬೈಗುಳ ಬಂತು.

"ಮೊದಲು ಹೆಸರು ಹಿಡಿದೇ ಕೂಗ್ದೆ," ಎಂದು ಅಜ್ಜಿ ಯಾರಿಗೋ ಹೇಳುತ್ತಲೇ ಇದ್ದಳು. "ವೈಜೂ ಅಂತ ಕೂಗ್ದೆ. ಮಗ್ಗಿ ಗದ್ದಲದಲ್ಲಿ ಮುಟ್ಲಿಲ್ಲ. ನಂಗೆ ಜೋರಾಗಿ ಬರೂದು ಅದೊಂದೇ ಕೂಗು."

ಸಾಹೇಬರು ಹಳ್ಳದ ಆ ದಂಡೆಯಲ್ಲಿ ಒಬ್ಬರೇ ನಿಂತಿದ್ದರು. ಬೂಟು ಕೈಯಲ್ಲಿತ್ತು, ಇಳಿಯಲೋ ಬೇಡವೋ ಎಂದು ಪಾದ ಮಾತ್ರ ಒದ್ದೆ ಮಾಡಿಕೊಂಡಿದ್ದರು. ನಾನು ಸೋರುವ ಸೀರೆಯಲ್ಲಿ ಮರಳಿ ಹೋದೆ. ಕ್ಷಮೆ ಕೇಳಲು ಬಾಯಿ ತೆರೆದೆ. ನನ್ನ ಹಿಂದೆ ಹಮ್ಮಣ್ಣನವರು ಏರಿ ಬಂದು ಎತ್ತಿ ಕಟ್ಟಿದ ಧೋತರ ಇಳಿಬಿಟ್ಟರು.

"ಮುದುಕಿ ಮಾಡಿದ ಕೆಲಸ, ಸಾಹೇಬ್ರೆ," ಎಂದರು.

"ಹಮ್ಮಣ್ಣನವರ," ಎಂದರು ಸಾಹೇಬರು, "ದೂರ ಅಂದ್ರಲ್ಲಾ? ನಾನು ಒಂದು ಬೂಟು ಬಿಚ್ಚೂದ್ರಾಗ ನೀವು ಮುಟ್ಟೇಬಿಟ್ಟಿರಿ."

ಹಮ್ಮಣ್ಣನವರು ಧೋತರದ ಅಂಚನ್ನು ಹಿಂಡುತ್ತ ನಿಂತರು. ಹಿಂಡಿದ ನೀರೆಲ್ಲ ಅವರ ಕಾಲ ಮೇಲೆಯೇ ಬಿತ್ತು. ಕೊನೆಗೆ, "ಬರೀರಿ, ಹತ್ರ ಅಂತ," ಎಂದರು. "ನಾ ರುಜು ಹಾಕ್ತೆ."

ಸಾಹೇಬರು ಶಾಲೆಯ ಜಗಲಿಯಲ್ಲಿ ಕೂತು ಬರೆದರು. ಆ ಶಬ್ದವನ್ನು ಬರೆಯುವಾಗ ಕ್ಷಣ ನಿಂತು, ಹುಕುಂ ನೋಡಿ, ಅಕ್ಷರ ನಕಲು ಮಾಡಿಕೊಂಡದ್ದನ್ನು ನಾನು ಕಂಡೆ. ಮರವನ್ನು ಸುತ್ತಿ ಬಂದ ಇರುವೆಯ ಹಾಗೆ ಶಬ್ದ ತಿರುಗಿ ತನ್ನ ಕಾಗದಕ್ಕೇ ಬಂತು. ಅವರು ಮೋಟಾರು ಹಿಡಿಯಲು ಹೊರಟರು. ನನ್ನ ಜಾಗ ಉಳಿಯಿತು.

ಕೇರಿಯಲ್ಲಿ ಉಳಿಯುತ್ತದೆಯೇ ಎಂಬುದು ಸಂಜೆಗೆ ತೀರ್ಮಾನವಾಗಬೇಕಿತ್ತು. ಬಲೆಯನ್ನು ನೀರಿಗೇ ಕೊಯ್ದು ಬಿಟ್ಟು ಬಂದ ಗಂಡಸರು ಪುಂಡಲೀಕನ ಅಂಗಳದಲ್ಲಿ ಕೂತಿದ್ದರು. ಅಜ್ಜಿ ಅವರೆದುರು ನೆಲದ ಮೇಲೆ.

"ನಿನ್ನ ಮಗ ನೀರಿಗೆ ಹೋದವ," ಎಂದ ಪುಂಡಲೀಕ. "ಬೇರೆ ಯಾರಾದ್ರೂ ಈ ಕೆಲಸ ಮಾಡಿದ್ರೆ ತಿಳೀಲಿಲ್ಲ ಅಂಬುವಾ. ನಿಂಗೆ ಏನು ಹೇಳೂದು ದುರ್ಗಕ್ಕ?"

"ಹೇಳು. ನಾ ಮಾಡಿದ್ದೇ."

"ನಾಳೆ ನಿಜ ಕೂಗಿದ್ರೆ ಆ ಮುದುಕಿಯೇ ಇರ್ಬೇಕು ಅಂತ ಒಬ್ಬ ಉಣ್ತಾ ಕೂತ್ರೆ? ಅವ ಒಂದು ತುತ್ತು ಉಣ್ಣೂದ್ರೊಳಗೆ ಎಷ್ಟು ಜೀವ ಹೋಗ್ತದೆ?"

ಸುಳ್ಳು ಕೂಗಿಗೆ ಹಿಂದಿನಿಂದ ಬಂದ ಕಟ್ಟಲೆಯೊಂದಿದೆ. ಕೂಗಿದವರು ಕೇರಿ ಬಿಟ್ಟು ಹೋಗಬೇಕು. ಇರುತ್ತೇನೆಂದರೆ, ಮಳೆಗಾಲಕ್ಕೆ ದೋಣಿಗಳನ್ನು ಮೇಲೆಳೆಯುವವರೆಗೂ ದಿನಾ ಸಂಜೆ ದಡದಲ್ಲಿ ನಿಲ್ಲಬೇಕು. ಮರಳುವ ಪ್ರತಿ ದೋಣಿಯೂ ಕೂಗು ಹಾಕುತ್ತದೆ. ಅದಕ್ಕೆ ತನ್ನ ಗಂಟಲಿನಿಂದಲೇ ಓಗೊಡಬೇಕು. ಕಡೆಯ ದೋಣಿ ಮರಳು ಮುಟ್ಟುವವರೆಗೆ ಕೂರುವ ಹಾಗಿಲ್ಲ. ಸುಳ್ಳಾದ ಕೂಗು ಹಾಗೆ ದಿನದಿನಕ್ಕೆ ಮತ್ತೆ ನಿಜವಾಗಬೇಕು.

"ಅವಳ ಕಾಲು ನೋಡು ಪುಂಡಲೀಕ ಮಾಮಾ," ಎಂದೆ. "ಅವಳಿಗೆ ನಿಲ್ಲೂಕೆ ಆಗೂದಿಲ್ಲ. ನಾ ಕಾರವಾರಕ್ಕೆ ಕಳಿಸ್ತೆ."

"ಕಳಿಸಿದ್ರೆ ನಿನ್ನ ಜೊತೆ ಹಿರಿಯರು ಯಾರು?" ಎಂದಳು ಅಜ್ಜಿ, ತಿರುಗಿ ನೋಡದೆ. "ಮತ್ತೆ ಆ ಸಾಹೇಬ ಬರ್ತಾ, ಮತ್ತೆ ಒಂದು ಶಬ್ದ ತರ್ತಾ. ನಂಗೆ ಆಗೂದಿಲ್ಲ. ನಿಲ್ತೆ ನಾನು."

ಪುಂಡಲೀಕ ಕಣ್ಣು ಉಜ್ಜಿಕೊಂಡ. "ನಂಗೂ ಬೇಕಾಗಿಲ್ಲ ಅಕ್ಕೋರೆ, ಇದೆಲ್ಲ," ಎಂದು ಎದ್ದ.

ಹಾಗೆ ಆ ಬೇಸಿಗೆ ಕಳೆಯಿತು. ನಾನು ಶಾಲೆ ಬಿಟ್ಟು ಬರುವಷ್ಟರಲ್ಲಿ ಅಜ್ಜಿ ದಡದಲ್ಲಿ ಒಂದು ಗೂಟದ ಹಾಗೆ ನಿಂತಿರುತ್ತಿದ್ದಳು. ಬೆನ್ನಿಗೆ ಬೆನ್ನು ಕೊಟ್ಟು ನಾನೂ ನಿಲ್ಲುತ್ತಿದ್ದೆ; ಒರಗಬಾರದೆಂದು ಕಟ್ಟಲೆಯಲ್ಲಿ ಇರಲಿಲ್ಲ. ಮೊದಮೊದಲು ಹೆಂಗಸರು ಮುಖ ತಿರುಗಿಸಿ ಹೋಗುತ್ತಿದ್ದರು. ಆಮೇಲೆ ಬುಟ್ಟಿ ಇಳಿಸುವಾಗ ಒಂದು ಬಂಗಡೆ ಅವಳ ಕಾಲ ಹತ್ತಿರ ಬಿದ್ದುಹೋಗುತ್ತಿತ್ತು. ಮಂಜಿ ಮಾತ್ರ ಬಹಳ ದಿನ ನನ್ನನ್ನೂ ನೋಡಲಿಲ್ಲ. ಹಮ್ಮಣ್ಣನವರು ಒಂದು ದಿನ ಆಳುಗಳನ್ನು ಕರೆತಂದು ಸಂಕದ ಮೇಲೆ ಇನ್ನೊಂದು ಕಾಂಡ ಹಾಕಿಸಿದರು. ಅದೂ ದೊಡ್ಡ ಭರತಿಗೆ ಮುಳುಗುತ್ತಿತ್ತು. ಬಾವಿಯ ಮಾತು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಜ್ಜಿಯ ಪಾದ ಬಾತವು. ದನಿ ದಿನಕ್ಕಿಷ್ಟು ತೆಳ್ಳಗಾಯಿತು.

ಮಳೆಗೆ ಇನ್ನು ಕೆಲವೇ ದಿನ ಇದ್ದಾಗ ಒಂದು ಸಂಜೆ ಸೆಕೆ ಕವಿದು ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ದೋಣಿಗಳೆಲ್ಲ ಬಂದಿದ್ದವು, ಪುಂಡಲೀಕನದೊಂದು ಉಳಿದಿತ್ತು. ತೆರೆಯಾಚೆಯಿಂದ ಅವನ ಕೂಗು ಬಂತು. ಅಜ್ಜಿ ಬಾಯಿ ತೆರೆದಳು. ಗಾಳಿ ಹೊರಟಿತು, ದನಿ ಹೊರಡಲಿಲ್ಲ. ಮತ್ತೊಮ್ಮೆ ತೆರೆದಳು. ಕುತ್ತಿಗೆಯ ನರ ಎದ್ದು ನಿಂತವು, ಅಷ್ಟೇ.

ಅವನು ಎರಡನೆಯ ಸಲ ಕೂಗಿದ. ಓಗೊಡದಿದ್ದರೆ ಕಟ್ಟಲೆ ಮುರಿದಂತೆ. ಅಷ್ಟು ದಿನ ನಿಂತದ್ದೆಲ್ಲ ನೀರಿಗೆ.

ನಾನು ಅವಳ ಬೆನ್ನಿನಿಂದ ಬಿಡಿಸಿಕೊಂಡು ಮುಂದೆ ಬಂದೆ. ನೀರು ಕಾಲಿಗೆ ತಾಗುವವರೆಗೆ ಹೋಗಿ ಕೂಗಿದೆ. ಮಗ್ಗಿ ಹೇಳಿಸಿ ಹೇಳಿಸಿ ಸವೆದ ಗಂಟಲು ನನ್ನದು. ಅದು ಅಜ್ಜಿಯ ದನಿಯಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು.

ದೋಣಿಯಿಂದ ಏನೂ ಬರಲಿಲ್ಲ. ಹುಟ್ಟಿನ ಸಪ್ಪಳವೂ ನಿಂತಿತು. ದಡದಲ್ಲಿ ಬುಟ್ಟಿ ಹಿಡಿದ ಹೆಂಗಸರು ನಿಂತಲ್ಲೇ ನಿಂತರು. ನಾನು ಇನ್ನೊಮ್ಮೆ ಕೂಗಲಿಲ್ಲ, ಕೂಗಲು ಉಸಿರಿರಲಿಲ್ಲ.

ತುಸು ಹೊತ್ತಿನ ಮೇಲೆ ಕತ್ತಲಾಗುತ್ತಿದ್ದ ನೀರಿನಿಂದ ಪುಂಡಲೀಕನ ದನಿ ಬಂತು. "ಓ," ಎಂದ. "ಕೇಳಿತು. ಬಂದೆ."

ಹುಟ್ಟು ಮತ್ತೆ ಬಿದ್ದಿತು. ದೋಣಿಯ ಮೂತಿ ಮರಳಿಗೆ ತಾಗಿದ ಮೇಲೆಯೇ ಅಜ್ಜಿ ಕುಸಿದು ಕೂತಳು. ನಾನು ಹತ್ತಿರ ಹೋಗಿ ಕೂತೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಇಲ್ಲದ ದನಿಯಲ್ಲಿ, "ನಿನ್ನ ಗಂಟಲು ಸಣ್ಣದು," ಎಂದಳು. ಆಮೇಲೆ, "ಇನ್ನು ಸ್ವಲ್ಪ ಕೂತ್ಕಂಬುವಾ. ಆಮೇಲೆ ಎಬ್ಸು ನನ್ನ."